ಕೆಂಪು ದಾರ ಹೊಲಿದ ತೋಳು

"ಕೈಕಾಲು ಬಂತಲ್ಲ, ಇನ್ನೇನು ಯೋಚನೆ ಬೇಡ ಬಿಡಿ." ನಮ್ಮ ಯಜಮಾನರು ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಈ ಮಾತನ್ನ ನನಗೆ ಹೇಳದವರೇ ಇರಲಿಲ್ಲ. ಹೇಳಿದವರೆಲ್ಲ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ನಾನೂ ಹಾಗೇ ಅಂದುಕೊಂಡಿದ್ದೆ. ಸ್ಟ್ರೋಕ್ ಅಂದರೆ ಕೈಕಾಲು ಬಿದ್ದುಹೋಗೋದು, ಅದು ವಾಪಸ್ ಬಂದರೆ ಮುಗೀತು, ನನಗೆ ಗೊತ್ತಿದ್ದಿದ್ದು ಅಷ್ಟೇ. ಆಮೇಲಿನ ಒಂದು ವರ್ಷ ನಮ್ಮನೆಯಲ್ಲಿ ಏನೇನಾಯ್ತು ಅಂತ ಬರೆದಿಡಬೇಕು ಅನ್ನಿಸಿದೆ. ಆ ಮೊದಲ ಎರಡು ತಿಂಗಳಲ್ಲಿ ಇಂಥದ್ದೊಂದು ನನ್ನ ಕಣ್ಣಿಗೆ ಬಿದ್ದಿದ್ದರೆ ನಾನು ಇವರ ಮೇಲೆ ಅಷ್ಟು ರೇಗುತ್ತಿರಲಿಲ್ಲ.

ತುಮಕೂರಿನಲ್ಲಿ ನಮ್ಮದೊಂದು ದಿನಸಿ ಅಂಗಡಿ ಇದೆ. 31 ವರ್ಷದಿಂದ ನಮ್ಮ ಯಜಮಾನರೇ ನಡೆಸಿಕೊಂಡು ಬಂದಿದ್ದು. 2023ರ ಜನವರಿ, ಸಂಕ್ರಾಂತಿ ಕಳೆದು ಮೂರನೇ ದಿನ. ಐದೂವರೆಗೆಲ್ಲ ಎದ್ದು ಹಾಲಿನ ಕ್ರೇಟ್ ಒಳಗಿಡುವ ಮನುಷ್ಯ ಆರೂಕಾಲಾದರೂ ಏಳಲಿಲ್ಲ. ಹೋಗಿ ಎಬ್ಬಿಸಿದೆ. ಮಾತಾಡಿದರು, ಆದರೆ ಬಾಯಿ ಒಂದು ಕಡೆಗೆ ಎಳೆದಿತ್ತು, ಎಡಗೈ ಹಾಸಿಗೆ ಮೇಲೆ ಯಾರದ್ದೋ ಕೈ ಹಾಗೆ ಬಿದ್ದಿತ್ತು. 108ಕ್ಕೆ ಫೋನ್ ಮಾಡಿದೆವು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು "ಎಷ್ಟು ಗಂಟೆಗೆ ಶುರುವಾಯ್ತು?" ಅಂತ. ನಿದ್ದೆಯಲ್ಲಿ ಆಗಿದ್ದು, ಏನಂತ ಹೇಳೋದು? ರಾತ್ರಿ ಹತ್ತೂವರೆಗೆ ಮಲಗುವಾಗ ಚೆನ್ನಾಗಿದ್ದರು ಅಂದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಹೊತ್ತು ಗೊತ್ತಿಲ್ಲದಿದ್ದರೆ ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ ಲೆಕ್ಕ ಹಾಕ್ತೀವಿ ಅಂದರು. ನಮ್ಮ ಪಾಲಿಗೆ ಆ ಹೊತ್ತು ಮೀರಿತ್ತು. ಸ್ಕ್ಯಾನ್‌ನಲ್ಲಿ ಮೆದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿರುವುದು ಕಂಡಿತು. ಬಲ ಮೆದುಳಿಗೆ ಪೆಟ್ಟಾದರೆ ಎಡಗೈ ಎಡಗಾಲು ಸೋಲುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಒಂಬತ್ತು ದಿನ ಆಸ್ಪತ್ರೆ. ಡಿಸ್ಚಾರ್ಜ್ ಮಾಡುವಾಗ ಮಾತ್ರೆ ಬರೆದುಕೊಟ್ಟರು, ಫಿಸಿಯೋಥೆರಪಿ ಬಿಡಬೇಡಿ ಅಂದರು. ಬುದ್ಧಿಯ ಕೆಲಸದಲ್ಲೂ ತೊಂದರೆ ಆಗಿರಬಹುದು, ಸ್ವಲ್ಪ ಗಮನಿಸಿ ಅಂತ ಒಬ್ಬರೂ ಹೇಳಲಿಲ್ಲ. ಇದು ನನಗೆ ಈಗಲೂ ನೋವಿನ ವಿಷಯ. ಮಾತು ಸರಿ ಇತ್ತು, ಎಲ್ಲರ ಹೆಸರೂ ನೆನಪಿತ್ತು, ಹಾಗಾಗಿ ಎಲ್ಲ ಸರಿ ಇದೆ ಅಂತ ಅವರೂ ಅಂದುಕೊಂಡರೋ ಏನೋ. ಮನೆಗೆ ಬಂದಮೇಲೆ ಪಾರಿವಾಳದ ರಕ್ತ ಹಚ್ಚಿ, ಇಂಥ ಎಣ್ಣೆ ಹಾಕಿ ತಿಕ್ಕಿ ಅಂತ ಹೇಳಿದವರು ಬೇಕಾದಷ್ಟು ಜನ. ನಾವು ಫಿಸಿಯೋಥೆರಪಿ ಒಂದನ್ನೇ ಹಿಡಿದುಕೊಂಡೆವು. ಮಾರ್ಚ್ ಶುರುವಿಗೆ ಕೋಲಿಲ್ಲದೆ ಹಜಾರದಲ್ಲಿ ಓಡಾಡುವಷ್ಟಾದರು. ಕೈಯಲ್ಲೂ ಲೋಟ ಹಿಡಿಯುವಷ್ಟು ಶಕ್ತಿ ಬಂತು.

ಆಮೇಲೆ ಶುರುವಾಯ್ತು. ಶರ್ಟ್ ಹಾಕಿಕೊಂಡು ಹೊರಗೆ ಬರುತ್ತಿದ್ದರು, ಎಡತೋಳು ಹಿಂದೆ ನೇತಾಡುತ್ತಿತ್ತು. ಗಡ್ಡ ಬಲಗೆನ್ನೆಯದು ಮಾತ್ರ ಬೋಳಿಸುತ್ತಿದ್ದರು, ಎಡಗೆನ್ನೆಯಲ್ಲಿ ಸೋಪಿನ ನೊರೆ ಹಾಗೇ ಇರುತ್ತಿತ್ತು. ಬಾಗಿಲು ದಾಟುವಾಗಲೆಲ್ಲ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು, ತೋಳಿನ ಮೇಲೆ ನೀಲಿ ಕಲೆಗಳು. ಸ್ನಾನಕ್ಕೆ ಹೋದರೆ ಅರ್ಧ ಗಂಟೆ ಸದ್ದಿಲ್ಲ. ಇಣುಕಿದರೆ ಸ್ಟೂಲ್ ಮೇಲೆ ಚೆಂಬು ಹಿಡಿದುಕೊಂಡು ಕೂತಿದ್ದಾರೆ, ಮೈ ಒಣಗಿದೆ, ಸೋಪು ಮಾತ್ರ ತೊಡೆಗೆ ಮೆತ್ತಿಕೊಂಡಿದೆ. ಮುಂದೇನು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಕೇಳಿದರೆ "ನಂಗೇನಾಗಿದೆ? ಚೆನ್ನಾಗೇ ಇದೀನಲ್ಲ" ಅನ್ನುತ್ತಿದ್ದರು. ನಾನು ಇದನ್ನ ಹಟ ಅಂದುಕೊಂಡೆ, ಸೋಮಾರಿತನ ಅಂದುಕೊಂಡೆ, ಒಂದು ದಿನವಂತೂ ಬೇಕಂತಲೇ ಮಾಡ್ತಿದೀರ ಅಂತ ಕೂಗಿಬಿಟ್ಟೆ. ಅವತ್ತು ಅವರು ನನ್ನನ್ನ ನೋಡಿದ ರೀತಿ ಮರೆಯೋಕಾಗಲ್ಲ. ಏನು ತಪ್ಪು ಮಾಡಿದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಯುಗಾದಿಗೆ ಬೆಂಗಳೂರಿನ ತಂಗಿ ಮನೆಗೆ ಹೋಗಿದ್ದೆವು. ಎಲ್ಲರಿಗೂ ಬಾಳೆಎಲೆ ಹಾಕಿದ್ದರು. ಇವರು ಊಟಕ್ಕೆ ಕೂತು ಎರಡು ತುತ್ತು ತಿಂದು "ಉಪ್ಪೇ ಬಡಿಸಿಲ್ಲ" ಅಂದರು. ಎಲೆಯ ಎಡತುದಿಯಲ್ಲಿ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಕೋಸಂಬರಿ, ಎಲ್ಲ ಇತ್ತು. "ಕೋಸಂಬರಿ ಮಾಡಿಲ್ವಾ ಈ ಸಲ?" ಅಂತಲೂ ಕೇಳಿದರು. ಅನ್ನದ ಗುಡ್ಡೆಯನ್ನ ಬಲಗಡೆಯಿಂದ ತಿಂದು ತಿಂದು ಸರಿಯಾಗಿ ಮಧ್ಯಕ್ಕೆ ನಿಲ್ಲಿಸಿದ್ದರು, ಚಾಕುವಿನಲ್ಲಿ ಕತ್ತರಿಸಿದ ಹಾಗೆ. ಬಡಿಸುತ್ತಿದ್ದವಳು ತಂಗಿಯ ಮಗಳು, ಫಿಸಿಯೋಥೆರಪಿ ಕೊನೇ ವರ್ಷ ಓದುತ್ತಿದ್ದಳು. ಅವಳು ಒಂದು ನಿಮಿಷ ನಿಂತು ನೋಡಿದಳು. ಆಮೇಲೆ ಬಗ್ಗಿ "ದೊಡ್ಡಪ್ಪ, ಒಂದ್ನಿಮಿಷ ಕೈ ತೆಗೀರಿ" ಅಂದು ಎಲೆಯನ್ನ ಎರಡೂ ಕೈಯಲ್ಲಿ ಹಿಡಿದು ಪೂರ್ತಿ ತಿರುಗಿಸಿ ಇಟ್ಟಳು. ಎಡಕ್ಕಿದ್ದದ್ದು ಬಲಕ್ಕೆ ಬಂತು. "ಓ, ಇಲ್ಲೇ ಇದೆಯಲ್ಲ!" ಅಂದು ಇವರು ಕೋಸಂಬರಿಗೆ ಕೈ ಹಾಕಿದರು. ಹಬ್ಬದ ದಿನ ಎಲೆ ತಿರುಗಿಸ್ತಾರಾ ಅಂತ ಯಾರೋ ಅಂದರು. ನನಗೆ ಕೈಕಾಲು ತಣ್ಣಗಾಯಿತು.

ಅವಳು ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದಳು. ದೊಡ್ಡಮ್ಮ, ದೊಡ್ಡಪ್ಪನ ಕಣ್ಣು ಸರಿ ಇದೆ, ಆದರೆ ಎಡಗಡೆ ಅನ್ನೋದನ್ನ ಮೆದುಳು ಲೆಕ್ಕಕ್ಕೇ ತಗೋತಿಲ್ಲ, ಇದಕ್ಕೆ ನೆಗ್ಲೆಕ್ಟ್ ಅಂತಾರೆ, ಮೆದುಳಿನ ಬಲಭಾಗದ ಸ್ಟ್ರೋಕ್‌ನಲ್ಲಿ ಜಾಸ್ತಿ. ತನಗೆ ತೊಂದರೆ ಇದೆ ಅಂತ ಗೊತ್ತಾಗದೇ ಇರೋದೂ ಕಾಯಿಲೆಯದೇ ಭಾಗ, ಹಟ ಅಲ್ಲ ಅಂದಳು. ಈ ಒಂದು ಮಾತಿಗೆ ನಾನು ಅವಳಿಗೆ ಎಷ್ಟು ಋಣಿ ಅಂತ ಹೇಳೋಕಾಗಲ್ಲ. ಇದಕ್ಕೆ ತರಬೇತಿ ಕೊಡುವವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು, ಅವರ ಹತ್ತಿರ ಹೋಗಲೇಬೇಕು ಅಂತಲೂ ಅವಳೇ ಹೇಳಿದ್ದು. ಆ ಹೆಸರೇ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ಬೇರೆ ವಿಭಾಗವೇ ಇದೆ. ನಮಗೆ ತಂಗಿ ಮನೆಯಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲೇ ಒಬ್ಬರು ಸಿಕ್ಕರು. ಅಂಗಡಿಯನ್ನ ಮಗನಿಗೆ ಒಪ್ಪಿಸಿ ಆರು ವಾರ ಬೆಂಗಳೂರಿನಲ್ಲೇ ಉಳಿದೆವು.

ಮೊದಲ ದಿನ ನೆನಪು, ಗಮನ, ಬುದ್ಧಿಯ ಕೆಲಸದ ಪರೀಕ್ಷೆ. ಮೋಕಾ ಅಂತಾರೆ ಅದಕ್ಕೆ, 30 ಅಂಕದ್ದು, ಕನ್ನಡದಲ್ಲೇ ಮಾಡಿದರು. ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅನ್ನುತ್ತಾರೆ. ಬಾಯಲ್ಲೇ ಸಾವಿರಾರು ರೂಪಾಯಿ ಬಿಲ್ ಕೂಡುತ್ತಿದ್ದ ಮನುಷ್ಯ 93 ಅಂದರು, 86 ಅಂದರು, ಆಮೇಲೆ ಎಷ್ಟರಲ್ಲಿ ಕಳೆಯಬೇಕು ಅನ್ನೋದೇ ಮರೆತುಹೋಯಿತು. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ವೃತ್ತ ಚೆನ್ನಾಗೇ ಬರೆದರು. ಆದರೆ ಒಂದರಿಂದ ಹನ್ನೆರಡರ ತನಕ ಎಲ್ಲ ಅಂಕಿಗಳನ್ನೂ ಬಲಗಡೆಯ ಅರ್ಧದಲ್ಲೇ ಒತ್ತೊತ್ತಾಗಿ ತುಂಬಿದರು. ಎಡಗಡೆ ಖಾಲಿ. ಬರೆದು ಮುಗಿಸಿ ಪೆನ್ನು ಕೆಳಗಿಟ್ಟು, ಸರಿಯಾಗಿದೆ ಅಲ್ವಾ ಅನ್ನೋ ಹಾಗೆ ನನ್ನ ಕಡೆ ನೋಡಿದರು. 26 ಬಂದರೆ ಸರಿ ಇದೆ ಅಂತ ಲೆಕ್ಕವಂತೆ. ಇವರಿಗೆ 16.

ಇನ್ನೊಂದು ಪಟ್ಟಿ ನನ್ನನ್ನ ಕೇಳಿ ತುಂಬಿಸಿದರು. ಬಾರ್ಥೆಲ್ ಅಂತ ಅದರ ಹೆಸರು. ಊಟ, ಸ್ನಾನ, ಬಟ್ಟೆ, ಟಾಯ್ಲೆಟ್, ನಡಿಗೆ, ಮೆಟ್ಟಿಲು, ಹೀಗೆ ಹತ್ತು ವಿಷಯ ಅವರೇ ಎಷ್ಟರಮಟ್ಟಿಗೆ ಮಾಡಿಕೊಳ್ಳುತ್ತಾರೆ ಅಂತ, ಒಟ್ಟು 100. ಅವತ್ತು 60 ಬಂತು. ಥೆರಪಿಸ್ಟ್ ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವಳು. ಆಕೆ ಅಂಕಗಳನ್ನೆಲ್ಲ ಪಕ್ಕಕ್ಕಿಟ್ಟು "ಅಂಕಲ್, ಯಾವ ಕೆಲಸ ನೀವೇ ಮಾಡ್ಕೋಬೇಕು ಅನ್ಸುತ್ತೆ ನಿಮಗೆ?" ಅಂತ ಕೇಳಿದಳು. "ಅಂಗಡೀಲಿ ಕೂರಬೇಕು" ಅಂದರು. ನನ್ನನ್ನ ಕೇಳಿದಳು. "ಸ್ನಾನ ಮಾಡಿ ಬಟ್ಟೆ ಹಾಕ್ಕೊಂಡು ಬಂದ್ರೆ ಸಾಕಮ್ಮ" ಅಂದೆ. ಎರಡನ್ನೂ ಬರೆದುಕೊಂಡು ಅಂಗಡಿಗೆ ಹೋಗೋಕೆ ಮೊದಲು ಶರ್ಟ್ ಬೇಕಲ್ಲ, ಶರ್ಟಿಂದಲೇ ಶುರು ಮಾಡೋಣ ಅಂದಳು.

ಶರ್ಟ್ ಹಾಕಿಕೊಳ್ಳುವುದರಲ್ಲಿ ಎಷ್ಟು ಹೆಜ್ಜೆ ಇದೆ ಅಂತ ಯಾವತ್ತಾದರೂ ಎಣಿಸಿದ್ದೀರಾ? ನಾವು ಹನ್ನೊಂದು ಮಾಡಿಕೊಂಡೆವು. ಮಂಚದ ಅಂಚಿನಲ್ಲಿ ಎರಡೂ ಪಾದ ನೆಲಕ್ಕೆ ತಾಗುವ ಹಾಗೆ ಕೂರಬೇಕು. ಶರ್ಟನ್ನ ಬೆನ್ನುಭಾಗ ಮೇಲೆ ಬರುವಂತೆ, ಕಾಲರ್ ಮಂಡಿ ಕಡೆಗೆ ಬರುವಂತೆ ತೊಡೆ ಮೇಲೆ ಹಾಸಿಕೊಳ್ಳಬೇಕು. ಎಡತೋಳು ಹುಡುಕಬೇಕು. ಇಲ್ಲೇ ಇವರು ಸೋಲುತ್ತಿದ್ದದ್ದು. ಆಕೆ ಹೇಳಿದಂತೆ ನಾನು ಎಲ್ಲ ಶರ್ಟಿನ ಎಡ ಕಫ್‌ಗೆ ಕೆಂಪು ದಾರದಲ್ಲಿ ಬೆರಳಗಲ ಒತ್ತಾಗಿ ಹೊಲಿದೆ. ಆರು ಶರ್ಟು, ಒಂದೇ ರಾತ್ರಿ. ಕೆಂಪು ಕಂಡರೆ ಅದರೊಳಗೆ ಎಡಗೈ. ಬಲಗೈಯಿಂದ ತೋಳನ್ನ ಮೊಣಕೈ ಮೇಲಕ್ಕೆ, ಭುಜದ ತನಕ ಎಳೆದುಕೊಳ್ಳಬೇಕು, ಅಲ್ಲಿಗೆ ಬರದೆ ಬಿಟ್ಟರೆ ಮುಂದಿನದೆಲ್ಲ ಸಿಕ್ಕಿಕೊಳ್ಳುತ್ತೆ. ಆಮೇಲೆ ಕಾಲರ್ ಹಿಡಿದು ಬೆನ್ನ ಹಿಂದಿನಿಂದ ತಂದು ಬಲಗೈ ಹಾಕುವುದು, ಮುಂದೆ ಸರಿಮಾಡಿ ಕೆಳಗಿನಿಂದ ಗುಂಡಿ. ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಇದೊಂದನ್ನ ಮಂತ್ರದ ಹಾಗೆ ಹೇಳಿಸಿದಳು.

ಕಲಿಸುವ ಕ್ರಮ ನನಗೆ ಹೊಸದು. ಮೊದಲ ದಿನ ಹತ್ತು ಹೆಜ್ಜೆ ನಾನೇ ಮಾಡಿಸಿ ಕೊನೆಯ ಗುಂಡಿ ಮಾತ್ರ ಅವರಿಗೆ ಬಿಟ್ಟೆ. ಎರಡು ದಿನ ಬಿಟ್ಟು ಕೊನೆಯ ಎರಡು ಹೆಜ್ಜೆ. ಹೀಗೆ ಹಿಂದಿನಿಂದ ಮುಂದಕ್ಕೆ. ದಿನಾ ಕೆಲಸ ಮುಗಿಸಿದ್ದು ಅವರೇ ಆಗುತ್ತೆ, ಸೋತೆ ಅನ್ನಿಸಲ್ಲ. ಇನ್ನೊಂದು, ತಪ್ಪು ಮಾಡಲಿ, ಮಾಡಿಯೇ ಕಲೀತಾರೆ ಅನ್ನೋದು ಇಲ್ಲಿ ನಡೆಯಲ್ಲ ಅಂದಳು. ನೆನಪು ಸೋತವರಿಗೆ ತಪ್ಪು ಮಾಡಿದ್ದು ತಪ್ಪು ಅಂತ ನೆನಪಿರಲ್ಲ, ಕೈಗೆ ಮಾತ್ರ ಅದೇ ರೂಢಿಯಾಗಿಬಿಡುತ್ತೆ. ಅದಕ್ಕೇ ಕೈ ತಪ್ಪು ದಾರಿಗೆ ಹೋಗುವ ಮೊದಲೇ ಸುಳಿವು ಕೊಡಬೇಕು. ಸುಳಿವಿಗೂ ಒಂದು ಅಳತೆ. ಮೊದಲು ಸುಮ್ನೆ ಹತ್ತು ಎಣಿಸಿ ಕಾಯುವುದು. ಆಗಲಿಲ್ಲವಾ, "ಮುಂದೇನು?" ಅಂತ ಕೇಳುವುದು. ಆಗಲೂ ಇಲ್ಲವಾ, ಬೆರಳು ತೋರಿಸುವುದು. ಆಮೇಲೆ ಮೊಣಕೈ ಮುಟ್ಟುವುದು. ಕೈ ಹಿಡಿದು ಮಾಡಿಸುವುದು ಕಟ್ಟಕಡೆಗೆ.

ಆ ಹತ್ತು ಎಣಿಸುವುದು ನನಗೆ ಬಹಳ ಕಷ್ಟವಾಯಿತು. ಮೂವತ್ತು ವರ್ಷ ಅವರು ಕೇಳುವ ಮೊದಲೇ ಟವೆಲ್ಲು, ಕೇಳುವ ಮೊದಲೇ ಕಾಫಿ ಕೊಟ್ಟು ಅಭ್ಯಾಸ ನನಗೆ. ಕಣ್ಣೆದುರು ಅವರು ತೋಳು ಹುಡುಕುತ್ತಾ ಬೆವರುತ್ತಿದ್ದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಮೂರನೇ ವಾರ ಆಕೆ ನನ್ನನ್ನ ಹೊರಗೆ ಕರೆದು "ಆಂಟಿ, ನೀವು ಮಾಡಿಕೊಟ್ಟ ಪ್ರತಿ ಸಲವೂ ಅವರಿಗೆ ಒಂದು ಅಭ್ಯಾಸ ತಪ್ಪುತ್ತೆ. ಕೈ ಹಿಂದೆ ಕಟ್ಟಿಕೊಂಡು ನಿಲ್ಲಿ" ಅಂದಳು. ನಾನು ನಿಜವಾಗಿಯೂ ಸೆರಗಿನ ತುದಿಯನ್ನ ಬೆನ್ನ ಹಿಂದೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಲ್ಲುವುದನ್ನ ರೂಢಿ ಮಾಡಿಕೊಂಡೆ. ಎದೆ ಡವಡವ ಅನ್ನುತ್ತಿತ್ತು. ಒಂದು, ಎರಡು, ಮೂರು. ಕೆಲವು ಸಲ ಎಂಟಕ್ಕೋ ಒಂಬತ್ತಕ್ಕೋ ಅವರ ತಲೆ ನಿಧಾನವಾಗಿ ಎಡಕ್ಕೆ ತಿರುಗುತ್ತಿತ್ತು, ಕಣ್ಣು ಕೆಂಪು ದಾರದ ಮೇಲೆ ಬಂದು ನಿಲ್ಲುತ್ತಿತ್ತು. ನಾನು ನಾಲ್ಕಕ್ಕೇ ಕೈ ಹಾಕಿದ್ದರೆ ಆ ತಿರುಗುವಿಕೆ ಬರುತ್ತಲೇ ಇರಲಿಲ್ಲ ಅಲ್ವಾ? 24ನೇ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಶರ್ಟ್ ಹಾಕಿಕೊಂಡು, ಮೇಲಿನ ಗುಂಡಿ ಒಂದು ಬಿಟ್ಟು ಎಲ್ಲ ಹಾಕಿಕೊಂಡು, ಬಾಗಿಲಲ್ಲಿ ಬಂದು ನಿಂತರು. ಒಲೆ ಮೇಲಿನ ಸಾರು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲ.

ಕೆಂಪು ಬಣ್ಣ ಮನೆ ತುಂಬ ಹರಡಿತು. ಬಾಗಿಲ ಎಡ ಚೌಕಟ್ಟಿಗೆ ಕೆಂಪು ಟೇಪು, ಊಟದ ತಟ್ಟೆಯ ಎಡ ಅಂಚಿಗೆ, ಕನ್ನಡಿಯ ಎಡಕ್ಕೆ. "ಕೆಂಪು ಸಿಗೋ ತನಕ ಎಡಕ್ಕೆ ನೋಡ್ತಾ ಹೋಗಿ" ಅನ್ನೋದೊಂದೇ ನಿಯಮ. ಪೇಪರ್ ಓದುವುದೂ ಹಾಗೇ. ಕನ್ನಡ ಎಡದಿಂದ ಬಲಕ್ಕೆ ಓದೋದು ತಾನೆ, ಇವರು ಪ್ರತಿ ಸಾಲನ್ನೂ ಅರ್ಧದಿಂದ ಓದುತ್ತಿದ್ದರು, ಅರ್ಥವಾಗದೆ ಪೇಪರನ್ನೇ ಬೈದು ಮಡಚಿಡುತ್ತಿದ್ದರು. ಸುದ್ದಿಯ ಎಡಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ಉದ್ದಕ್ಕೆ ಕೆಂಪು ಗೆರೆ ಎಳೆದುಕೊಟ್ಟೆ. ಪ್ರತಿ ಸಾಲಿಗೂ ಬೆರಳು ಗೆರೆಗೆ ಹೋಗಿ ಮುಟ್ಟಿ ಬರಬೇಕು. ದಿನಕ್ಕೊಂದು ಚಿಕ್ಕ ಸುದ್ದಿ. ಮಳೆ, ಅಡಿಕೆ ಧಾರಣೆ, ಅವರಿಗೆ ಬೇಕಾದದ್ದು.

ಸ್ನಾನದ ಮನೆಗೆ ಗೋಡೆಗೆ ಹಿಡಿ ಹಾಕಿಸಿದೆವು, ಜಾರದ ಮ್ಯಾಟು, ಒರಗಿಕೊಳ್ಳುವ ಪ್ಲಾಸ್ಟಿಕ್ ಕುರ್ಚಿ. ಹೆಜ್ಜೆಗಳ ಫೋಟೋ ತೆಗೆದು ಲ್ಯಾಮಿನೇಟ್ ಮಾಡಿ ಬಲಗಡೆ ಗೋಡೆಗೆ ಅಂಟಿಸಿದೆವು, ನೀರು, ಸೋಪು, ನೀರು, ಟವೆಲ್ಲು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೋತ ಕೈಗೆ ಬಿಸಿ ಗೊತ್ತಾಗದೇ ಇರಬಹುದು. ನಮ್ಮಲ್ಲಿ ಒಂದು ಸಲ ಎಡಗೈ ಬೆರಳು ಬೊಬ್ಬೆ ಬಂದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಅವತ್ತಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ, ನೋಡುವುದು ಬಲಗೈಯಲ್ಲಿ. ಮಾತ್ರೆಗಳಿಗೆ ಏಳು ದಿನದ ಖಾನೆಯ ಡಬ್ಬಿ, ಭಾನುವಾರ ರಾತ್ರಿ ಅವರೇ ತುಂಬುತ್ತಾರೆ, ನಾನು ಆಮೇಲೆ ನೋಡುತ್ತೇನೆ. ರಕ್ತ ತೆಳುವಾಗಿಸುವ ಮಾತ್ರೆ ಎರಡು ಸಲ ನುಂಗಿದರೂ ಕಷ್ಟ, ಬಿಟ್ಟರೂ ಕಷ್ಟ.

ಟೀ ಮಾಡುವುದು ಐದನೇ ವಾರ. ಇದರಲ್ಲಿ ಗ್ಯಾಸು ಇದೆ, ಹಾಗಾಗಿ ನನಗೆ ಹೆದರಿಕೆ. ಇಲ್ಲಿ ಆಕೆ ನಾಲ್ಕು ಪ್ರಶ್ನೆ ಕಲಿಸಿದಳು, ಅವರೇ ಬಾಯಿಬಿಟ್ಟು ಹೇಳಿಕೊಳ್ಳಬೇಕು: ಏನು ಮಾಡಬೇಕು, ಹೇಗೆ ಮಾಡಲಿ, ಮಾಡ್ತಾ ಇದೀನಾ, ಸರಿಯಾಯ್ತಾ. ಮೊದಲ ದಿನ ನೀರು ಕಾಯೋಕಿಟ್ಟು ಟೀಪುಡಿ ಬದಲು ಸಾರಿನಪುಡಿ ಡಬ್ಬಿ ಎತ್ತಿದರು. ಟೀಪುಡಿ ಎಡಗಡೆ ಇತ್ತು. ನಾನು ಬಾಯಿ ತೆರೆಯೋಕೆ ಹೋದೆ, ಆಕೆ ಕಣ್ಣಲ್ಲೇ ಬೇಡ ಅಂದಳು. "ಅಂಕಲ್, ಕೈಯಲ್ಲಿರೋದು ಏನು ನೋಡಿ" ಅಂದಳು ಅಷ್ಟೇ. ನೋಡಿದರು, ಮೂಸಿದರು, ಕೆಳಗಿಟ್ಟರು. ಮತ್ತೆ ಶುರುವಿಂದ ಹೇಳಿಕೊಂಡರು. ಒಲೆ ಹೊತ್ತಿಸಿದ ಮೇಲೆ ಅಲ್ಲಿಂದ ಕದಲುವ ಹಾಗಿಲ್ಲ ಅನ್ನೋದು ನಿಯಮ, ಅದಕ್ಕೆ ಒಲೆ ಪಕ್ಕ ಒಂದು ಸ್ಟೂಲ್. ಟೀ ಸೋಸುವ ಮೊದಲು ಗ್ಯಾಸ್ ಆರಿಸಬೇಕು, ಕೈಯಿಂದ ಮುಟ್ಟಿ "ಆಫ್" ಅಂತ ಜೋರಾಗಿ ಹೇಳಬೇಕು. ಈಗಲೂ ನಮ್ಮನೆ ಅಡುಗೆಮನೆಯಿಂದ ಸಂಜೆ ನಾಲ್ಕಕ್ಕೆ ಆ "ಆಫ್" ಕೇಳುತ್ತೆ. ಅದು ಕೇಳದಿದ್ದರೆ ನಾನು ಎದ್ದು ಹೋಗುತ್ತೇನೆ.

ಎಲ್ಲ ಏರುತ್ತಾ ಹೋಯಿತು ಅಂತ ಅಂದುಕೊಳ್ಳಬೇಡಿ. ಮೇ ತಿಂಗಳಲ್ಲಿ ಊರಿಗೆ ವಾಪಸ್ ಬಂದಮೇಲೆ ಇವರು ಮಂಕಾದರು. ವಿಚಿತ್ರ ಅಂದರೆ, ತನಗೆ ಏನಾಗಿದೆ ಅಂತ ಅವರಿಗೆ ಗೊತ್ತಾಗೋಕೆ ಶುರುವಾಗಿದ್ದೇ ಆಗ. ಅಲ್ಲಿಯವರೆಗೆ ಚೆನ್ನಾಗಿದೀನಿ ಅನ್ನುತ್ತಿದ್ದವರು ಒಂದು ರಾತ್ರಿ "ನನ್ನ ತಲೆ ಕೆಟ್ಟಿದೆ ಕಣೇ, ಅಲ್ವಾ?" ಅಂದರು. ಊಟ ಬಿಟ್ಟರು, ಅಭ್ಯಾಸ ಬೇಡ ಅಂದರು, ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಥೆರಪಿಸ್ಟ್‌ಗೆ ವಿಡಿಯೋ ಕಾಲ್ ಮಾಡಿದಾಗ, ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ, ಇದಕ್ಕೆ ಔಷಧಿ ಇದೆ, ಡಾಕ್ಟರ್ ಹತ್ತಿರ ಹೋಗಿ, ಧೈರ್ಯ ತಗೊಳ್ಳಿ ಅಂತ ಹೇಳಿ ಬಿಟ್ಟುಬಿಡಬೇಡಿ ಅಂದಳು. ಹೋದೆವು. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಹಿಡಿಯಿತು. ಆ ವಾರಗಳಲ್ಲಿ ನಾವು ಶರ್ಟ್ ಮತ್ತು ಟೀ, ಇವೆರಡನ್ನ ಮಾತ್ರ ಬಿಡಲಿಲ್ಲ.

ಸುಸ್ತಿನ ಬಗ್ಗೆಯೂ ಹೇಳಬೇಕು. ನೋಡೋಕೆ ಗಟ್ಟಿಯಾಗಿ ಕಾಣುವ ಮನುಷ್ಯ ಇಪ್ಪತ್ತು ನಿಮಿಷ ಪೇಪರ್ ಓದಿದರೆ ಮೂಟೆ ಹೊತ್ತವರ ಹಾಗೆ ಕುಸಿಯುತ್ತಿದ್ದರು. ಕಷ್ಟದ ಅಭ್ಯಾಸ ಬೆಳಿಗ್ಗೆಯೇ ಮುಗಿಸಬೇಕು, ಟಿವಿ ಆಫ್ ಇರಬೇಕು, ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ನೋಡೋಕೆ ಬಂದ ನೆಂಟರು ನಾಲ್ಕು ಜನ ಒಟ್ಟಿಗೆ ಪ್ರಶ್ನೆ ಕೇಳಿದರೆ ಇವರಿಗೆ ತಲೆ ತುಂಬಿ ಅಳು ಬರುತ್ತಿತ್ತು. "ನಾನ್ಯಾರು ಹೇಳಿ ನೋಡೋಣ?" ಅಂತ ಪರೀಕ್ಷೆ ಮಾಡುವವರನ್ನ ನಾನು ಬಾಗಿಲಲ್ಲೇ ಕೈಮುಗಿದು ಬೇಡಿಕೊಳ್ಳೋಕೆ ಶುರು ಮಾಡಿದೆ. ದಯವಿಟ್ಟು ಹಾಗೆ ಕೇಳಬೇಡಿ, ಪಕ್ಕದಲ್ಲಿ ಕೂತು ನಿಮ್ಮನೆ ಸಮಾಚಾರ ಹೇಳಿ ಸಾಕು.

ಅಂಗಡಿಗೆ ಕಾಲಿಟ್ಟಿದ್ದು ಆಗಸ್ಟ್‌ನಲ್ಲಿ. ಮಧ್ಯಾಹ್ನ ಎರಡರಿಂದ ನಾಲ್ಕು, ಗಿರಾಕಿ ಕಡಿಮೆ ಇರುವ ಹೊತ್ತು, ಮಗ ಒಳಗೆ ಗೋಡೌನ್‌ನಲ್ಲಿ. ಅದಕ್ಕೂ ಮೊದಲು ಎರಡು ತಿಂಗಳು ಮನೆಯಲ್ಲೇ ಆಟದ ಅಂಗಡಿ ಹಾಕಿಕೊಂಡು ಅಭ್ಯಾಸ ಮಾಡಿದ್ದೆವು. ನಾನು ಗಿರಾಕಿ. ಅರ್ಧ ಕೆಜಿ ರವೆ, ಕಾಲು ಕೆಜಿ ಕಡಲೆಬೇಳೆ, ಐನೂರರ ನೋಟು. ಸಂಜೆ ಹೊತ್ತಿಗೆ ನನಗೂ ತಲೆ ಸುತ್ತುತ್ತಿತ್ತು. ಬಾಯಿಲೆಕ್ಕ ಪೂರ್ತಿ ವಾಪಸ್ ಬರಲಿಲ್ಲ. ಮೊದಮೊದಲು ಕ್ಯಾಲ್ಕುಲೇಟರ್ ಮುಟ್ಟೋಕೆ ಅವರಿಗೆ ಅವಮಾನ, 31 ವರ್ಷ ಮುಟ್ಟದವರು ನೋಡಿ. ಲೆಕ್ಕ ತಪ್ಪಿ ಗಿರಾಕಿಗೆ ಮೋಸ ಆದರೆ ಅದು ದೊಡ್ಡ ಅವಮಾನ ಅಲ್ವೇನಪ್ಪಾ ಅಂತ ಮಗ ಅಂದಮೇಲೆ ಒಪ್ಪಿದರು.

ಮೊದಲ ವಾರವೇ ಒಬ್ಬರು ತೊಗರಿಬೇಳೆ ಕೇಳಿದರು. "ಖಾಲಿಯಾಗಿದೆ ಕಣಮ್ಮ" ಅಂದರು ಇವರು. ಐವತ್ತು ಕೆಜಿ ಮೂಟೆ ಎಡಗಡೆ ಅವರ ಮೊಣಕಾಲಿಗೆ ತಾಗುವ ಹಾಗೇ ನಿಂತಿತ್ತು. ಒಂದೇ ದಿನ ಮೂರು ಜನಕ್ಕೆ ಹಾಗೆ ಹೇಳಿ ಕಳಿಸಿದರಂತೆ. ಮಗ ಅವತ್ತು ರಾತ್ರಿ ಬೇಳೆ ಮೂಟೆಯನ್ನ ಬಲಕ್ಕೆ ಇಡೋಣ ಅಂದ. ಥೆರಪಿಸ್ಟ್‌ಗೆ ಕೇಳಿದೆವು. ಗ್ಯಾಸು, ಬಿಸಿನೀರು, ಮಾತ್ರೆ, ಅಪಾಯ ಇರೋದನ್ನೆಲ್ಲ ಬಲಕ್ಕೆ ತನ್ನಿ, ಉಳಿದದ್ದು ಎಡಕ್ಕೇ ಇರಲಿ, ಎಡ ಅನ್ನೋದು ಇದೆ ಅಂತ ಅವರಿಗೆ ದಿನಾ ನೆನಪಾಗಬೇಕಲ್ಲ ಅಂದಳು. ಮೂಟೆ ಅಲ್ಲೇ ಉಳಿಯಿತು. ಎಡಗೋಡೆಯ ಕಪಾಟಿನ ಉದ್ದಕ್ಕೂ ಕೆಂಪು ಟೇಪು ಬಂತು. "ಇಲ್ಲ" ಅಂತ ಹೇಳುವ ಮೊದಲು ಕೆಂಪು ನೋಡಬೇಕು ಅನ್ನೋ ಚೀಟಿಯನ್ನ ಗಲ್ಲಾಪೆಟ್ಟಿಗೆ ಮುಚ್ಚಳಕ್ಕೆ ಅಂಟಿಸಿದೆವು, ಅವರ ಕೈಬರಹದಲ್ಲೇ. ಹಳೇ ಗಿರಾಕಿಗಳು ಬಹಳ ದೊಡ್ಡ ಮನಸ್ಸಿನವರು. "ನಿಧಾನಕ್ಕೆ ಕೊಡಿ ಅಣ್ಣ, ನಮಗೇನು ಅವಸರ ಇಲ್ಲ" ಅಂತ ನಿಲ್ಲುತ್ತಿದ್ದರು. ಒಂದು ಸಲ ಒಬ್ಬ ಹೆಂಗಸಿಗೆ ಐನೂರಕ್ಕೆ ಚಿಲ್ಲರೆಯನ್ನ ಎರಡೆರಡು ಸಲ ಕೊಟ್ಟುಬಿಟ್ಟಿದ್ದರು, ಆಕೆ ಸಂಜೆ ಮನೆಗೆ ಬಂದು ವಾಪಸ್ ಕೊಟ್ಟು ಹೋದರು. ಈಗ ಜಾಸ್ತಿ ಜನ ಫೋನಿನಲ್ಲೇ ದುಡ್ಡು ಹಾಕೋದರಿಂದ, ಬಂತು ಅಂತ ಡಬ್ಬಿಯೇ ಕೂಗಿ ಹೇಳೋದರಿಂದ ಆ ಭಾರ ಕಡಿಮೆಯಾಗಿದೆ.

2024ರ ಫೆಬ್ರವರಿಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆವು. ಬಾರ್ಥೆಲ್ 95. ಮೋಕಾ 22. ಗಡಿಯಾರದಲ್ಲಿ ಒಂಬತ್ತು, ಹತ್ತು, ಹನ್ನೊಂದು ಎಡಗಡೆ ಬಂದಿದ್ದವು, ಸ್ವಲ್ಪ ಒತ್ತೊತ್ತಾಗಿ. ನಮಗೆ ಅತಿ ಮುಖ್ಯವಾದ ಅಂಗಡಿ, ಗ್ಯಾಸು, ದುಡ್ಡು, ಇದ್ಯಾವುದೂ ಬಾರ್ಥೆಲ್ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಆ 95 ನೋಡಿ ಎಲ್ಲ ಮುಗೀತು ಅಂತ ನಾನು ಅಂದುಕೊಳ್ಳಲಿಲ್ಲ. ಸ್ಕೂಟರ್ ಓಡಿಸೋದಿಲ್ಲ, ಓಡಿಸುವ ಹಾಗೂ ಇಲ್ಲ, ಎಡದಿಂದ ಬರುವ ಗಾಡಿ ಕಾಣದಿದ್ದರೆ ಏನು ಗತಿ. ಸಂಜೆ ಆರರಿಂದ ಎಂಟರ ಗದ್ದಲದಲ್ಲಿ ಅವರನ್ನ ಅಂಗಡಿಯಲ್ಲಿ ಒಬ್ಬರೇ ಬಿಡೋದಿಲ್ಲ. ಉದ್ರಿ ಪುಸ್ತಕ ಮಗ ಬರೆಯುತ್ತಾನೆ. ಸುಸ್ತಾದ ದಿನ ಎಡಭುಜ ಇನ್ನೂ ಚೌಕಟ್ಟಿಗೆ ತಾಗುತ್ತೆ.

ಏಪ್ರಿಲ್‌ನಲ್ಲಿ ಯುಗಾದಿ ಬಂತು. ಮಗ ಇಬ್ಬರಿಗೂ ಹೊಸ ಬಟ್ಟೆ ತಂದಿದ್ದ. ಇವರಿಗೆ ತಿಳಿ ನೀಲಿ ಶರ್ಟು. ಹಬ್ಬದ ಬಟ್ಟೆ, ನಾಲ್ಕು ಜನ ನೋಡುತ್ತಾರೆ, ಇದಕ್ಕೊಂದಕ್ಕೆ ಕೆಂಪು ದಾರ ಬೇಡ, ಹೇಗೂ ಈಗ ಅಭ್ಯಾಸ ಆಗಿದೆಯಲ್ಲ ಅಂತ ನಾನು ಹಾಗೇ ಇಸ್ತ್ರಿ ಮಾಡಿ ಮಂಚದ ಮೇಲಿಟ್ಟಿದ್ದೆ. ಹಿಂದಿನ ದಿನ ರಾತ್ರಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ ಶರ್ಟ್ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಎಡ ಕಫ್ಫನ್ನ ನನ್ನ ಮುಂದೆ ಚಾಚಿ, "ಇದಕ್ಕೆ ಹೊಲಿದೇ ಇಲ್ವಲ್ಲೇ. ಅದಿಲ್ದೆ ನಂಗೆ ಎಡಗಡೆ ಮರೆತುಹೋಗುತ್ತೆ" ಅಂದರು. ಕೈ ತೊಳೆದುಕೊಂಡು ಸೂಜಿ ಡಬ್ಬಿ ತಂದೆ. ಸೂಜಿಗೆ ದಾರ ಅವರೇ ಪೋಣಿಸಿಕೊಟ್ಟರು.